ಮೊದಲ ಸಲದ ‘ಬೇಡ’

ಅವರ ಬಾಯಿಂದ ನಾನು ಕೇಳಿದ ಮೊದಲ ಮಾತು, “ನಾನು ಆರು ತಿಂಗಳ ಬಸುರಿ, ಕಾಲು ಊದಿಕೊಂಡಿದೆ” ಎಂಬುದು. ಅದೂ ಇಂಗ್ಲಿಷಿನಲ್ಲಿ, ಗಟ್ಟಿಯಾಗಿ, ಮುಚ್ಚಿದ ಗ್ಯಾರೇಜಿನ ಒಳಗಿನಿಂದ. ನಾವು ಆಗ ಅಮೆರಿಕದ ಪ್ಲಿಮತ್‌ಗೆ ಬಂದು ಎರಡು ವಾರವಾಗಿತ್ತು. ಪಕ್ಕದ ಮನೆಯವರು ಕನ್ನಡದವರು ಎಂದು ಗೊತ್ತಾಗಿ, ಡಬ್ಬಿಯಲ್ಲಿ ಒಂದಷ್ಟು ಕೋಡುಬಳೆ ಹಾಕಿಕೊಂಡು ಪರಿಚಯ ಮಾಡಿಕೊಳ್ಳಲು ಹೋಗಿದ್ದೆ. ಬೆಲ್ ಒತ್ತುವ ಮೊದಲೇ ವಯಸ್ಸಾದ ಗಂಡಸಿನ ಈ ದನಿ ಕೇಳಿ ಡಬ್ಬಿ ಹಿಡಿದುಕೊಂಡೇ ನಿಂತುಬಿಟ್ಟೆ. ಬಾಗಿಲು ತೆಗೆದ ಆಂಟಿ ನನ್ನ ಮುಖ ನೋಡಿ ನಕ್ಕರು.

“ಹೆದರ್ಕೋಬೇಡಿ. ನಮ್ಮನೆಯೋರು ಫೋನಲ್ಲಿ ಇಂಟರ್‌ಪ್ರಿಟರ್ ಕೆಲಸ ಮಾಡ್ತಾರೆ. ಕನ್ನಡ ಬಿಟ್ಟು ಬೇರೇನೂ ಬರ್ದೇ ಇರೋ ಪೇಷಂಟ್ ಬಂದ್ರೆ ಆಸ್ಪತ್ರೆಯವರು ಇವರಿಗೆ ಫೋನ್ ಮಾಡ್ತಾರೆ. ಬೆಳಿಗ್ಗೆ ಬಸುರಿ, ಮಧ್ಯಾಹ್ನ ಹಾರ್ಟ್ ಅಟ್ಯಾಕು, ಸಂಜೆಗೆ ಮಂಡಿನೋವು. ನಲವತ್ತು ವರ್ಷ ಸಂಸಾರ ಮಾಡಿದೀನಿ, ಇಷ್ಟೊಂದು ಕಾಯಿಲೆ ಇರೋ ಗಂಡ ಅಂತ ಗೊತ್ತೇ ಇರ್ಲಿಲ್ಲ.”

ಅಂಕಲ್ ಮೈಸೂರಿನವರು. ಸೌತ್‌ಫೀಲ್ಡ್‌ನ ಒಂದು ಆಫೀಸಿನಲ್ಲಿ ಮೂವತ್ತು ವರ್ಷ ಕಾರಿನ ಬ್ರೇಕುಗಳ ಡ್ರಾಯಿಂಗ್ ತಿದ್ದಿ ನಿವೃತ್ತರಾಗಿದ್ದರು. ರಿಟೈರ್ ಆದವರು ನಮ್ಮಲ್ಲಿ ದೇವಸ್ಥಾನದ ಕಮಿಟಿ ಸೇರುತ್ತಾರೆ, ಇಲ್ಲವೇ ಹೆಂಡತಿಯ ಅಡುಗೆಮನೆ ಸೇರಿ ಬೈಸಿಕೊಳ್ಳುತ್ತಾರೆ. ಇವರು ಗ್ಯಾರೇಜು ಸೇರಿದರು. ಮನೆಯೊಳಗೆ ಕುಕ್ಕರ್ ಕೂಗುತ್ತದೆ, ಆಂಟಿಯ ಸೀರಿಯಲ್ ಕೂಗುತ್ತದೆ. ಆಸ್ಪತ್ರೆಯ ಕರೆಯಲ್ಲಿ ಹಿಂದಿನಿಂದ ಒಂದು ಸದ್ದೂ ಕೇಳಿಸಕೂಡದು. ಹಾಗಾಗಿ ಗ್ಯಾರೇಜಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕೂತು, ಕಿಟಕಿ ಏರಿಸಿ, ಹೆಡ್‌ಫೋನ್ ಹಾಕಿಕೊಂಡು ಕೆಲಸ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ ಇರುವಾಗಲೂ ಅಲ್ಲೇ. ತಲೆಗೆ ಮಂಕಿ ಕ್ಯಾಪು, ಮೊಣಕಾಲ ಮೇಲೆ ಕಂಬಳಿ, ಪಕ್ಕದಲ್ಲಿ ಫ್ಲಾಸ್ಕು, ತೊಡೆಯ ಮೇಲೊಂದು ಸಣ್ಣ ನೋಟ್‌ಪ್ಯಾಡು. ಮಾತಿನ ಗುರುತುಗಳನ್ನು ಅದರಲ್ಲಿ ಗೀಚಿಕೊಳ್ಳುವರು, ಕರೆ ಮುಗಿದ ಕೂಡಲೇ ಆ ಹಾಳೆ ಹರಿದು ಚೂರು ಮಾಡುವರು. ಅದು ಅವರ ಕೆಲಸದ ಕಟ್ಟುನಿಟ್ಟು. ಆಂಟಿ ಎಷ್ಟು ಕೆದಕಿದರೂ “ಕಾರಲ್ಲಿ ಆಡಿದ್ದು ಕಾರಲ್ಲೇ” ಎಂದು ಒಳಗೆ ಬಂದು ಊಟಕ್ಕೆ ಕೂರುತ್ತಿದ್ದರು.

ನನಗೆ ವರ್ಕ್ ಪರ್ಮಿಟ್ ಬಂದ ವರ್ಷ ಅವರೇ ನನ್ನನ್ನೂ ಈ ಕೆಲಸಕ್ಕೆ ಎಳೆದರು. “ನಿನ್ನ ಬಾಯಂತೂ ಸುಮ್ನಿರೋ ಬಾಯಲ್ಲ, ಯಾರಿಗಾದ್ರೂ ಉಪಯೋಗ ಆಗ್ಲಿ” ಎಂದರು. ಅವರ ಡೈನಿಂಗ್ ಟೇಬಲ್ಲೇ ನನ್ನ ಪಾಠಶಾಲೆ. ಅವರು ಡಾಕ್ಟರ್, ಆಂಟಿ ರೋಗಿ, ನಾನು ಮಧ್ಯಸ್ಥೆ.

“‘ಅವರು ಹೀಗಂತಿದಾರೆ’ ಅನ್ನೋ ಹಾಗಿಲ್ಲಮ್ಮ. ರೋಗಿ ‘ನನಗೆ’ ಅಂದ್ರೆ ನೀನೂ ‘ನನಗೆ’ ಅನ್ಬೇಕು. ಬೈದ್ರೆ ಬೈಗುಳ, ಅತ್ರೆ ಅಳು. ಸೇರ್ಸೋ ಹಾಗಿಲ್ಲ, ಬಿಡೋ ಹಾಗಿಲ್ಲ. ನಾವು ನಲ್ಲಿ. ನೀರು ನಮ್ಮದಲ್ಲ.”

ಮೊದಲ ದಿನವೇ ಆಂಟಿ ಕುರ್ಚಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, “ಈ ಡಾಕ್ಟರ್ ಮುಖ ನೋಡಿದ್ರೆ ಇವನಿಗೇ ಏನೋ ಕಾಯಿಲೆ ಇದ್ದ ಹಾಗಿದೆ” ಎಂದರು. ನಾನು ನಗು ತಡೆದುಕೊಂಡು ಇಂಗ್ಲಿಷಿನಲ್ಲಿ “ನನಗೆ ಸ್ವಲ್ಪ ಆತಂಕ ಆಗ್ತಿದೆ” ಎಂದು ನಯ ಮಾಡಿ ಹೇಳಿದೆ. ಅಂಕಲ್ ಪೆನ್ನು ಕೆಳಗಿಟ್ಟರು. “ಶುರುವಿನಲ್ಲೇ ನೀರಿಗೆ ಸಕ್ಕರೆ ಹಾಕಿದ್ಯಲ್ಲಮ್ಮ” ಎಂದರು. ಅವತ್ತು ಆ ಬೈಗುಳವನ್ನು ನನ್ನ ಬಾಯಲ್ಲಿ ನಾಲ್ಕು ಸಲ ಹೇಳಿಸಿ, ಆಮೇಲೆ ಊಟಕ್ಕೆ ಬಿಟ್ಟರು.

ಹೇಳಲು ನಾಚಿಕೆಯಾಗುವ ಮಾತನ್ನೂ, ಹೇಳಿ ಏನುಪಯೋಗ ಎನಿಸುವ ಮಾತನ್ನೂ ಬಿಡಬಾರದು ಎನ್ನುವುದಕ್ಕೆ ಅವರ ಹತ್ತಿರ ಒಂದು ಉದಾಹರಣೆ ಇತ್ತು. ಅದನ್ನು ಮಾತ್ರ ಕಾರಿನಿಂದ ಆಚೆ ತಂದಿದ್ದರು, ಹೆಸರಿಲ್ಲದೆ.

“ಕೋವಿಡ್ ಶುರುವಾದ ಏಪ್ರಿಲ್ಲು. ಇಂಡಿಯಾದಿಂದ ಮಗನ ಮನೆಗೆ ಬಂದಿದ್ದ ಹೆಂಗಸು, ಎಪ್ಪತ್ತರ ಹತ್ತಿರ. ಹಾರ್ಟ್ ಅಟ್ಯಾಕ್ ಆಗಿ ಎದೆ ಮೇಲೆಲ್ಲ ವೈರು ಹಾಕಿದಾರೆ. ಇನ್ನೇನಾದ್ರೂ ಹೇಳೋದಿದೆಯಾ ಅಂತ ನರ್ಸ್ ಕೇಳಿದ್ಲು. ಆಯಮ್ಮ ಏನಂದ್ರು ಗೊತ್ತಾ? ‘ಹುರುಳಿಕಾಳು ನೆನೆಹಾಕಿ ಬಂದಿದೀನಿ. ಬಸಿದು ಬಟ್ಟೇಲಿ ಕಟ್ಟಿಡೋಕೆ ಸೊಸೆಗೆ ಹೇಳಿ, ಇಲ್ದಿದ್ರೆ ಹುಳಿ ಬಂದ್ಬಿಡುತ್ತೆ.’ ನಾನು ಬಿಡ್ಲಿಲ್ಲ. ಪೂರ್ತಿ ಹೇಳ್ದೆ, ಹಾರ್ಸ್ ಗ್ರಾಮ್ ಅಂತ. ‘ಮನೇಲಿ ಕುದುರೆ ಸಾಕಿದೀರಾ?’ ಅಂತ ಕೇಳಿದ್ಲು ನರ್ಸು.”

ನಾನೂ ಆಂಟಿಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವರೂ ನಗಲು ಶುರುಮಾಡಿ, ನೀರು ಕುಡಿಯುವ ನೆಪದಲ್ಲಿ ಎದ್ದು ಸಿಂಕಿನ ಹತ್ತಿರ ಹೋದರು. ಎಷ್ಟು ಹೊತ್ತಾದರೂ ಲೋಟ ತುಂಬಲಿಲ್ಲ. ಅದನ್ನು ಗಮನಿಸಿದ್ದೆ, ಯಾಕೆಂದು ಯೋಚಿಸಲಿಲ್ಲ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಏನನ್ನಾದರೂ ಮೂರು ಸಲ ಕೇಳದೆ ಬಿಡುತ್ತಿರಲಿಲ್ಲ. ಊಟದ ಮನೆಯಲ್ಲಿ ಬಲವಂತ ಮಾಡುವುದು ನಮ್ಮಲ್ಲಿ ಇದ್ದದ್ದೇ. ಬಡಿಸುವವರು ಬಗ್ಗುವುದು, ಉಣ್ಣುವವರು ಎಲೆಗೆ ಕೈ ಅಡ್ಡ ಹಿಡಿಯುವುದು, ಕೊನೆಗೆ ಹೋಳಿಗೆ ಬೀಳುವುದು, ಅದೆಲ್ಲ ಒಂದು ಆಟ. ಇವರದು ಆಟವಾಗಿರಲಿಲ್ಲ. ಹುಲ್ಲು ಕತ್ತರಿಸಲು ಬಂದ ಅಮೆರಿಕದ ಹುಡುಗನಿಗೆ ನೀರು ಬೇಕಾ ಎನ್ನುವರು. ಅವನು ಬೇಡ ಎಂದರೆ ಅವನ ಮುಖ ನೋಡುತ್ತಾ ಇನ್ನೊಂದು ಸಲ, ಆಮೇಲೆ ಮತ್ತೊಂದು ಸಲ. ನಮ್ಮ ಮಕ್ಕಳು ಅವರಿಗೆ ‘ತ್ರೀ ಟೈಮ್ಸ್ ಅಂಕಲ್’ ಎಂದು ಹೆಸರಿಟ್ಟಿದ್ದರು. ನನ್ನ ಮಗಳಂತೂ ಅವರು ಬಾಯಿ ತೆರೆಯುವ ಮೊದಲೇ “ನೋ, ನೋ, ನೋ, ಥ್ಯಾಂಕ್ಯೂ” ಎಂದು ಮೂರನ್ನೂ ಒಟ್ಟಿಗೆ ಕೊಟ್ಟು ಓಡುತ್ತಿದ್ದಳು.

ಅವರನ್ನು ಒಂದು ದಿನ ಇದೇ ವಿಷಯಕ್ಕೆ ರೇಗಿಸಿದೆ. ಅಕ್ಟೋಬರ್ ತಿಂಗಳು, ನಮ್ಮ ಬಡಾವಣೆಯ ಹಿಂದಿನ ಕೆರೆಯ ಸುತ್ತ ನಡೆಯುತ್ತಿದ್ದೆವು. “ಅಂಕಲ್, ನಿಮಗೆ ಒಂದು ಸಲಕ್ಕೆ ಕಿವಿ ಕೇಳಿಸಲ್ವಾ?” ಎಂದೆ. ಅವರು ನಗಲಿಲ್ಲ. ಬೆಂಚಿನ ಮೇಲೆ ಕೂತರು. ಹುರುಳಿಕಾಳಿನ ಕಥೆಯ ಇನ್ನರ್ಧವನ್ನು ಅವತ್ತು ಹೇಳಿದರು.

ಆ ಏಪ್ರಿಲ್ ನನಗೂ ನೆನಪಿದೆ, ನಮ್ಮ ಅಡುಗೆಮನೆಯ ಕಿಟಕಿಯಿಂದ ಕಂಡಷ್ಟು. ಅವರ ಗ್ಯಾರೇಜಿನ ಬಾಗಿಲು ಎತ್ತಿಕೊಳ್ಳುತ್ತಿತ್ತು, ಅವರು ಮನೆಯೆದುರಿನ ಡ್ರೈವ್‌ವೇಗೆ ಬಂದು ಹಾಳೆ ಹರಿಯುತ್ತಾ ನಿಲ್ಲುತ್ತಿದ್ದರು, ಮತ್ತೆ ಒಳಗೆ ಹೋಗುತ್ತಿದ್ದರು. ಮೊದಲೆಲ್ಲ ರೋಗಿಯ ಪಕ್ಕ ಮಗನೋ ಮಗಳೋ ಇರುತ್ತಿದ್ದರು. ಈಗ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ರೋಗಿಯ ದಿಂಬಿನ ಮೇಲೆ ಇಟ್ಟುಬಿಡುತ್ತಿದ್ದರಂತೆ. ಇವರ ಕಿವಿಗೆ ಮಾತಿಗಿಂತ ಉಸಿರೇ ಹೆಚ್ಚು ಕೇಳಿಸುತ್ತಿತ್ತು. ಎದೆನೋವು ಬಂದವರು ಕೋವಿಡ್ಡಿಗೆ ಹೆದರಿ ಎರಡು ದಿನ ಮನೆಯಲ್ಲೇ ಕೂತು, ತಡೆಯಲಾಗದೆ ಆಸ್ಪತ್ರೆಗೆ ಬರುತ್ತಿದ್ದರು. ಬಂದ ಮೇಲೂ ತಡ. ಮೊದಲಾದರೆ ಹಾರ್ಟ್ ಅಟ್ಯಾಕ್ ಎಂದು ಗೊತ್ತಾದ ಕೂಡಲೇ ಓಡಿಸಿಕೊಂಡು ಹೋಗಿ ರಕ್ತನಾಳ ಬಿಡಿಸುತ್ತಿದ್ದರು. ಈಗ ಟೆಸ್ಟು ಆಗಬೇಕು, ಒಳಗಿರುವವರೆಲ್ಲ ತಲೆಯಿಂದ ಕಾಲಿನವರೆಗೆ ಗೌನು ತೊಡಬೇಕು. ಎರಡು ಮಾಸ್ಕಿನ ಹಿಂದಿನಿಂದ ಡಾಕ್ಟರ ಮಾತು ಬಾವಿಯೊಳಗಿಂದ ಬಂದ ಹಾಗೆ ಬರುತ್ತಿತ್ತು.

“ಆಯಮ್ಮನಿಗೆ ಡಾಕ್ಟರ್ ಎಲ್ಲ ಬಿಡಿಸಿ ಹೇಳಿದ್ರು” ಎಂದರು ಅಂಕಲ್. “ಮಣಿಕಟ್ಟಿನಿಂದ ತಂತಿ ತೂರಿಸಿ, ಕಟ್ಟಿಕೊಂಡಿರೋ ರಕ್ತನಾಳ ಬಿಡಿಸಿ ಸ್ಟೆಂಟ್ ಹಾಕ್ತೀವಿ, ಸ್ವಲ್ಪ ಅಪಾಯನೂ ಇದೆ, ಮಾಡೋಣವಾ ಅಂತ. ನಾನು ಕನ್ನಡದಲ್ಲಿ ಹೇಳ್ದೆ. ಅವರು ಏನಂದ್ರು ಹೇಳ್ಲಾ? ‘ಬೇಡ ಬಿಡಿಪ್ಪ. ಯಾಕೆ ಸುಮ್ನೆ ನಿಮಗೆಲ್ಲ ತೊಂದ್ರೆ. ಪಾಪ, ಎಷ್ಟು ಜನ ಇದಾರೋ ನಿಮಗೆ. ನನಗಿಂತ ಹುಷಾರಿಲ್ದೋರನ್ನ ನೋಡಿ ಹೋಗಿ.’”

ಅಂಕಲ್ ಅದನ್ನು ಆ ಹೆಂಗಸಿನ ದನಿಯಲ್ಲೇ ಹೇಳಿದರು. ನನಗೆ ನನ್ನ ದೊಡ್ಡಮ್ಮ, ನನ್ನ ಅತ್ತೆ, ಎದುರುಮನೆ ಪದ್ಮಮ್ಮ ಎಲ್ಲರೂ ಒಟ್ಟಿಗೆ ಕೇಳಿಸಿದರು. ಆ ‘ಬೇಡ’ ಯಾವ ‘ಬೇಡ’ ಎಂದು ನಮ್ಮಲ್ಲಿ ಐದು ವರ್ಷದ ಮಗುವಿಗೂ ಗೊತ್ತು. ಕಾಫಿ ಕೊಡಲಾ ಎಂದರೆ ಮೊದಲ ಸಲ ಬರುವ ಉತ್ತರ ಅದು. ಇನ್ನೊಂದು ಸಲ ಕೇಳಿ ಎನ್ನುವುದೇ ಅದರ ಅರ್ಥ. ಕೇಳದೆ ಹೋದರೆ ತಪ್ಪು ಕೇಳದವರದು.

“ನಾನು ಇದ್ದದ್ದು ಇದ್ದ ಹಾಗೆ ಹೇಳ್ದೆ ಕಣಮ್ಮ. ‘ಬೇಡ. ನನಗಿಂತ ಕಾಯಿಲೆಯವರನ್ನ ನೋಡಿ.’ ಒಂದಕ್ಷರ ಸೇರಿಸ್ಲಿಲ್ಲ, ಒಂದಕ್ಷರ ಬಿಡ್ಲಿಲ್ಲ. ಡಾಕ್ಟರು ಸರಿ, ಅವರಿಷ್ಟ ಅಂದ್ರು. ‘ರೋಗಿ ಒಪ್ಪಿಲ್ಲ, ಔಷಧಿ ಕೊಡಿ’ ಅಂತ ಯಾರಿಗೋ ಹೇಳಿದ್ದು ಕೇಳಿಸ್ತು.”

“ನೀವು ಇನ್ನೊಂದು ಸಲ ಕೇಳಿ ಅನ್ಬಹುದಿತ್ತಲ್ಲ ಅಂಕಲ್?” ಎಂದೆ. ಕೇಳಬಾರದಿತ್ತು.

“ಅನ್ಬಹುದಿತ್ತು. ರೂಲ್ಸಲ್ಲೇ ಇದೆ. ‘ಇದು ಇಂಟರ್‌ಪ್ರಿಟರ್ ಹೇಳ್ತಿರೋ ಮಾತು’ ಅಂತ ಮೊದಲು ತಿಳಿಸಿ, ‘ನಮ್ಮಲ್ಲಿ ಮೊದಲ್ನೇ ಸಲ ಹೀಗನ್ನೋದು ಮರ್ಯಾದೆಗೆ, ದಯವಿಟ್ಟು ಇನ್ನೊಂದ್ಸಲ ಕೇಳಿ’ ಅಂದಿದ್ರೆ ಸಾಕಿತ್ತು. ಬಾಯಿ ತುದೀಲಿ ಬಂದಿತ್ತು. ಅಷ್ಟರಲ್ಲಿ ಹಿಂದೆ ಯಾವುದೋ ಅಲಾರಂ ಹೊಡೀತು, ಡಾಕ್ಟರು ಓಡಿದ್ರು. ನಲ್ಲಿ ಯಾಕೆ ಮಾತಾಡ್ಬೇಕು ಅಂತ ನಾನೂ ಸುಮ್ನಾದೆ. ಆಮೇಲೆ ನರ್ಸ್ ಬಂದು ಕೇಳಿದ್ಲು, ಆಯಮ್ಮ ಹುರುಳಿಕಾಳಿನ ವಿಷಯ ಹೇಳಿದ್ರು. ಅದನ್ನ ಹೇಳ್ದೆ ನೋಡು, ಅದಕ್ಕೆ ಟೈಮಿತ್ತು ನನಗೆ. ಫೋನ್ ಇಟ್ಬಿಟ್ರು.”

ಇಂಟರ್‌ಪ್ರಿಟರ್‌ಗೆ ಕರೆಯ ಮುಂದಿನ ಕಥೆ ಗೊತ್ತಾಗುವುದಿಲ್ಲ. ಯಾರು, ಎಲ್ಲಿಯವರು, ಬದುಕಿದರೋ ಸತ್ತರೋ, ಕೇಳುವಂತಿಲ್ಲ, ಹುಡುಕುವಂತೆಯೂ ಇಲ್ಲ. ಆ ಹೆಂಗಸಿನ ಮಗನ ಮನೆ ನೇಪರ್‌ವಿಲ್ ಎಂಬ ಊರಿನಲ್ಲಿ ಎಂಬುದೊಂದು ಅವರ ಕಿವಿಗೆ ಬಿದ್ದಿತ್ತು. ಮಿಕ್ಕದ್ದೆಲ್ಲ ಒಂದು ದನಿ.

ಆ ದನಿ ಅವರನ್ನು ಬಿಡಲಿಲ್ಲ. ಅವರು ಹೇಳಿದ ಮೇಲೆ ನನಗೂ ಕಾಣತೊಡಗಿತು. ಕನ್ನಡದವರ ಪಿಕ್ನಿಕ್ಕು, ಯುಗಾದಿ, ರಾಜ್ಯೋತ್ಸವ ಎಲ್ಲಿ ಹೋದರೂ ಗಂಡಸರ ಗುಂಪು ಬಿಟ್ಟು, ಊರಿನಿಂದ ಬಂದ ವಯಸ್ಸಾದ ಹೆಂಗಸರು ಕೂತ ಮೂಲೆಯ ಹತ್ತಿರ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ತಲೆ ತಗ್ಗಿಸಿ, ಅನ್ನ ಕಲಸುತ್ತಾ, ಕಿವಿ ಮಾತ್ರ ಅತ್ತ. ಬೇಸಿಗೆಯಲ್ಲಿ ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಸ್ನೀಕರ್ಸ್ ಹಾಕಿ ವಾಕಿಂಗ್ ಹೊರಟ ಅಮ್ಮಂದಿರನ್ನು ನಿಲ್ಲಿಸಿ, “ಯಾವೂರಮ್ಮ ನಿಮ್ದು?” ಎನ್ನುತ್ತಿದ್ದರು. ನಾಲ್ಕು ಮಾತು ಕೇಳಿಸಿಕೊಂಡು, ಕೈ ಮುಗಿದು ಮುಂದೆ ಹೋಗುತ್ತಿದ್ದರು. “ಇವರಿಗೇನು ವಯಸ್ಸಾದ ಮೇಲೆ ಹೆಂಗಸರ ಹುಚ್ಚು” ಎಂದು ಕೆಲವರು ಆಡಿಕೊಂಡದ್ದೂ ಉಂಟು. ಆಂಟಿಯ ಕಿವಿಗೆ ಅದು ಬಿದ್ದರೂ ಅವರು ಗಂಡನಿಗೆ ಹೇಳಲಿಲ್ಲ. ನನಗೆ ಹೇಳಿ ಅತ್ತರು. “ರಾತ್ರಿ ನಿದ್ದೇಲಿ ಕೇಳ್ತಾರಮ್ಮ, ‘ಇನ್ನೊಂದ್ಸಲ ಕೇಳ್ತೀನಿ, ಇನ್ನೊಂದ್ಸಲ ಕೇಳ್ತೀನಿ’ ಅಂತ. ಯಾರನ್ನ ಅಂತ ನನಗೂ ಹೇಳಲ್ಲ.”

ನಾನು ಒಮ್ಮೆ ಧೈರ್ಯ ಮಾಡಿ, “ಸಿಕ್ಕಿದ್ರೆ ಏನು ಹೇಳ್ತೀರಿ ಅಂಕಲ್?” ಎಂದು ಕೇಳಿದ್ದೆ.

“ಏನೂ ಹೇಳಲ್ಲ. ಇದಾರಲ್ಲ ಅಂತ ಗೊತ್ತಾದ್ರೆ ಮನೆಗೆ ಬಂದು ಮಲಗಿ ನಿದ್ದೆ ಮಾಡ್ತೀನಿ.”

ಇಷ್ಟನ್ನು ತಿಳಿದವಳು ನಾನು. ಆದ್ದರಿಂದಲೇ ಮುಂದಿನದನ್ನು ಬರೆಯಲು ನನಗೆ ನಾಚಿಕೆ.

ಹೋದ ವರ್ಷದ ಆಗಸ್ಟಿನಲ್ಲಿ ನನ್ನ ಚಿಕ್ಕಮ್ಮನ ಮಗಳು ನೇಪರ್‌ವಿಲ್‌ನಲ್ಲಿ ಮನೆ ತೆಗೆದುಕೊಂಡಳು. ಗೃಹಪ್ರವೇಶಕ್ಕೆ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಊಟಕ್ಕೆ ಹುರುಳಿಕಾಳಿನ ಬಸ್ಸಾರು ಮಾಡಿದ್ದರು. ನನ್ನ ಪಕ್ಕ ಕೂತಿದ್ದ, ಅದೇ ಬೀದಿಯ ಹೆಂಗಸೊಬ್ಬಳು ತಟ್ಟೆ ನೋಡಿ ನಕ್ಕಳು.

“ನಮ್ಮತ್ತೆ ಹುರುಳಿಕಾಳಿನ ಕಥೆ ಹೇಳ್ಲೇಬೇಕು ನಿಮಗೆ. ಕೋವಿಡ್ ಟೈಮಲ್ಲಿ ಅವರಿಗೆ ಹಾರ್ಟ್ ಅಟ್ಯಾಕ್ ಆಯ್ತು. ಆಂಬುಲೆನ್ಸ್‌ನೋರು ನಮ್ಮನ್ನ ಡ್ರೈವ್‌ವೇನಲ್ಲೇ ನಿಲ್ಲಿಸಿ ಅವರೊಬ್ಬರನ್ನೇ ಕರ್ಕೊಂಡು ಹೋದ್ರು. ಗಂಟೆ ಆದ್ಮೇಲೆ ನರ್ಸ್ ಫೋನು. ಏನಾಗೋಯ್ತೋ ಅಂತ ನಡುಗ್ತಾ ಎತ್ತಿದ್ರೆ, ‘ಹಾರ್ಸ್ ಗ್ರಾಮ್ ಬಸಿದು ಬಟ್ಟೇಲಿ ಕಟ್ಟಿಡ್ಬೇಕಂತೆ’ ಅಂತಾಳೆ!”

ಸುತ್ತ ಇದ್ದವರೆಲ್ಲ ನಕ್ಕರು. ನಾನು ತುತ್ತನ್ನು ತಟ್ಟೆಗೆ ಹಾಕಿ ಅವಳ ಕಡೆ ತಿರುಗಿದೆ.

“ಆಮೇಲೆ?” ಎಂದೆ.

“ಆಮೇಲೆ ಫೋನ್ ಇಡೋ ಮುಂಚೆ ಹಾಗೇ ಮಾತಿಗೆ ಅಂದ್ಲು, ಅವರು ಪ್ರೊಸೀಜರ್ ಬೇಡ ಅಂದ್ರು, ಬರೀ ಔಷಧಿ ಕೊಡ್ತಿದೀವಿ ಅಂತ. ನಮ್ಮೆಜಮಾನ್ರು ಫೋನ್ ಕಿತ್ಕೊಂಡು, ‘ನಮ್ಮಮ್ಮ ಒಂದು ಲೋಟ ಕಾಫಿಗೂ ಮೊದಲ್ನೇ ಸಲ ಬೇಡ ಅಂತಾರೆ, ಈಗ್ಲೇ ಅವರಿಗೆ ಫೋನ್ ಕೊಡಿ’ ಅಂತ ಕೂಗಾಡಿದ್ರು. ಸ್ಪೀಕರಲ್ಲಿ ಎರಡು ಸಲ ಬಲವಂತ ಮಾಡಿದ್ಮೇಲೆ, ‘ಅಷ್ಟು ಹೇಳ್ತೀಯಂದ್ರೆ ಆಗ್ಲಪ್ಪ’ ಅಂದ್ರು. ಸ್ಟೆಂಟ್ ಹಾಕಿದ್ರು, ಐದನೇ ದಿನ ಮನೆಗೆ ಬಂದ್ರು. ಬಂದು ಮೊದಲು ಕೇಳಿದ್ದೇ ಕಾಳು ಏನಾಯ್ತು ಅಂತ.”

“ಈಗ ಎಲ್ಲಿದಾರೆ?” ಎಂದೆ.

“ಫ್ಲೈಟ್ ಶುರುವಾದ್ಮೇಲೆ ಊರಿಗೆ ಹೋದ್ರು. ಮೂರು ವರ್ಷದ ಮೇಲೆ ಚೆನ್ನಾಗೇ ಇದ್ರು. ಈ ಸಂಕ್ರಾಂತಿಗೆ ಮೈಸೂರಲ್ಲಿ ಹೋಗ್ಬಿಟ್ರು, ಮಲಗಿದ ಕಡೆ. ಕೊನೇವರೆಗೂ ಒಂದು ಮಾತು ಹೇಳೋರು. ‘ನನ್ನ ಕಾಳಿನ ಮಾತನ್ನ ಫೋನಲ್ಲಿ ಯಾರೋ ಪುಣ್ಯಾತ್ಮ ಬಿಡದೆ ಹೇಳ್ದ. ಅವನ ಹೊಟ್ಟೆ ತಣ್ಣಗಿರ್ಲಿ’ ಅಂತ.”

ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕೇ ಅತ್ತದ್ದು. ಅಂಕಲ್ ಒಂದು ಮಾತನ್ನೂ ಬಿಡದೆ ಹೇಳಿದ್ದರಿಂದಲೇ ನರ್ಸ್ ಮನೆಗೆ ಫೋನ್ ಮಾಡಿದ್ದಳು, ಮಗನಿಗೆ ತಿಳಿದಿತ್ತು, ತಾಯಿ ಬದುಕಿದ್ದರು. ಆ ಹೆಂಗಸಿನ ನಂಬರ್ ತೆಗೆದುಕೊಂಡೆ. ಅಲ್ಲಿಂದಲೇ ಅಂಕಲ್‌ಗೆ ಫೋನ್ ಮಾಡಬೇಕಿತ್ತು. ಫೋನು ಕೈಯಲ್ಲೇ ಇತ್ತು. ಮಾಡಲಿಲ್ಲ.

ಯಾಕೆಂದರೆ ಮುಂದಿನ ತಿಂಗಳು ಅವರಿಗೆ ಎಪ್ಪತ್ತೈದು ತುಂಬುವುದಿತ್ತು. ದೇವಸ್ಥಾನದ ಹಾಲ್‌ನಲ್ಲಿ ಸಣ್ಣ ಸಮಾರಂಭಕ್ಕೆ ಆಂಟಿ ತಯಾರಿ ಮಾಡುತ್ತಿದ್ದರು. ಎಲ್ಲರೂ ಶಾಲು ಹೊದಿಸಿ ಮುಗಿಸಿದ ಮೇಲೆ ನಾನು ಎದ್ದು ನಿಂತು ಈ ಸುದ್ದಿ ಹೇಳಬೇಕು, ಸೊಸೆಯನ್ನೂ ಸ್ಪೀಕರಿನಲ್ಲಿ ಮಾತಾಡಿಸಬೇಕು, ಅವರ ಮುಖ ನೋಡಬೇಕು. ಅದು ನನ್ನ ಆಸೆ. ಸುದ್ದಿಯನ್ನೂ ತಟ್ಟೆಯಲ್ಲಿಟ್ಟು ಹೂ ಹಾಕಿ ಕೊಡುವ ಚಪಲ. ನಾಲ್ಕು ವರ್ಷ ಕಾದವರು ನಾಲ್ಕು ವಾರ ಕಾಯಲಾರರೇ ಎಂದುಕೊಂಡೆ. ಆ ದಿನಗಳಲ್ಲಿ ಎಷ್ಟು ಸಲ ಅವರ ಎದುರು ಕೂತು ಕಾಫಿ ಕುಡಿದೆ, ಒಳಗೊಳಗೇ ನಗುತ್ತಾ! ನನ್ನ ಬಾಯಿ ಸುಮ್ಮನಿರುವ ಬಾಯಲ್ಲ ಎನ್ನುತ್ತಿದ್ದರಲ್ಲ, ಜೀವಮಾನದಲ್ಲಿ ಒಮ್ಮೆ ಸುಮ್ಮನಿತ್ತು.

ಸಮಾರಂಭಕ್ಕೆ ಹತ್ತು ದಿನ ಇರುವಾಗ ಬೆಳಿಗ್ಗೆ ಅಂಕಲ್ ಕಸದ ಡಬ್ಬಿ ಎಳೆದುಕೊಂಡು ಹೋಗುತ್ತಾ ಡ್ರೈವ್‌ವೇನಲ್ಲಿ ಕುಸಿದು ಕೂತರು. ಆಂಬುಲೆನ್ಸ್ ಬೇಗ ಬಂತು, ಸ್ಟೆಂಟೂ ಬೇಗ ಹಾಕಿದರು. ಆದರೆ ಹೃದಯದ ದೊಡ್ಡ ಭಾಗ ಸೋತುಹೋಗಿತ್ತು.

ಮೂರನೆಯ ದಿನ ಮಧ್ಯಾಹ್ನ ನೋಡಲು ಬಿಟ್ಟರು. ರೂಮಿನ ಬಾಗಿಲಲ್ಲಿ ಆಂಟಿ ನನ್ನ ಕೈ ಹಿಡಿದು, “ಏನಾದ್ರೂ ಖುಷಿ ಸಮಾಚಾರ ಇದ್ರೆ ಮಾತ್ರ ಹೇಳಮ್ಮ. ಬೇರೇದು ಬೇಡ” ಎಂದರು. ನಮ್ಮಲ್ಲಿ ಹೃದಯದ ರೋಗಿಗೆ ಕೆಟ್ಟ ಸುದ್ದಿ ಹೇಳುವ ರೂಢಿಯೇ ಇಲ್ಲ. ಒಳಗೆ ಹೋದೆ. ಬೆಳಗಿನಿಂದ ಬಂದವರೆಲ್ಲ ಹೇಳಿಹೋದ ಸಂತೋಷಗಳನ್ನು ಅಂಕಲ್ ನನಗೆ ಒಪ್ಪಿಸಿದರು. ಅವರ ಮಗಳಿಗೆ ಪ್ರಮೋಷನ್ ಆಯಿತಂತೆ. ಮೈಸೂರಿನ ತಮ್ಮನ ಸಕ್ಕರೆ ಕಾಯಿಲೆ ಪೂರ್ತಿ ವಾಸಿಯಾಯಿತಂತೆ.

“ನನಗೂ ವಾಸಿಯಾಗುತ್ತೆ ಅಂತ ಡಾಕ್ಟರ್ ಅಂದ್ರಂತೆ” ಎಂದು ಆಂಟಿ ಹೋದ ಬಾಗಿಲ ಕಡೆ ನೋಡಿ ನಕ್ಕರು. “ಡಾಕ್ಟರ್ ಹೇಳ್ವಾಗ ನಾನೂ ಇಲ್ಲೇ ಇದ್ದೆ. ನನಗೆ ಇಂಗ್ಲಿಷ್ ಬರುತ್ತೆ ಅನ್ನೋದನ್ನೇ ಮರೆತುಬಿಟ್ಟಿದಾಳೆ ಪಾಪ. ಸರಿ, ನೀನೇನು ಒಳ್ಳೆ ಸುದ್ದಿ ತಂದಿದೀಯ?”

ಎಲ್ಲವನ್ನೂ ಹೇಳಿದೆ. ಗೃಹಪ್ರವೇಶ, ಬಸ್ಸಾರು, ನರ್ಸಿನ ಫೋನು, ಮಗನ ಕೂಗಾಟ, ಸ್ಟೆಂಟು, ಆ ತಾಯಿಯ ಹಾರೈಕೆ. ಅವರು ಕಲಿಸಿದ ಹಾಗೆಯೇ, ಸೇರಿಸದೆ, ಬಿಡದೆ. ಸಂಕ್ರಾಂತಿಯ ಮಾತೊಂದು ಮಾತ್ರ ಬಾಯಿಗೆ ಬರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದವರು ನರ್ಸ್ ಫೋನ್ ಮಾಡಿದಳು ಎಂದಾಗ ಕಣ್ಣು ತೆರೆದರು. ಆ ಕಣ್ಣುಗಳಲ್ಲಿ ನಾನು ಮೂರು ವಾರದಿಂದ ನೋಡಬೇಕೆಂದಿದ್ದದ್ದು ಒಂದು ಗಳಿಗೆ ಕಂಡಿತು.

“ಅವರ ಹತ್ರ ಒಂದು ಮಾತಾಡಿಸ್ತೀಯಾ? ಈಗ್ಲೇ. ದನಿ ಕೇಳಿದ್ರೆ ಸಾಕು.”

ನಾನು ತಡವರಿಸಿದೆ. “ಅವರು... ಈ ಸಂಕ್ರಾಂತಿಗೆ ತೀರ್ಕೊಂಡ್ರಂತೆ ಅಂಕಲ್. ಮೈಸೂರಲ್ಲಿ. ಅಲ್ಲೀವರೆಗೂ ಚೆನ್ನಾಗಿದ್ರಂತೆ.”

“ಓಹೋ” ಎಂದರು. ಕಣ್ಣಲ್ಲಿ ಇದ್ದದ್ದು ಹೋಯಿತು. ಆಮೇಲೆ ನನ್ನ ಕೈ ತಟ್ಟಿದರು, ಸಣ್ಣ ಮಗುವಿನ ಕೈ ತಟ್ಟುವ ಹಾಗೆ.

“ಸೊಸೆ ಇದಾರೆ, ನಂಬರ್ ಇದೆ, ಮಾಡ್ತೀನಿ ಇರಿ.”

“ಬೇಡಮ್ಮ.”

“ಒಂದೇ ನಿಮಿಷ ಅಂಕಲ್.”

“ಬೇಡ.”

“ಅಂಕಲ್, ದಯವಿಟ್ಟು.”

“ಆ ಹುಡುಗಿ ಕೈಲೂ ಯಾಕಮ್ಮ ಸುಳ್ಳು ಹೇಳಿಸ್ತೀಯ? ನೀನು ಹೇಳಿದ್ದು ಚೆನ್ನಾಗಿತ್ತು. ಕಾಳಿನಿಂದ್ಲೇ ಬದುಕಿದ್ರು ಅಂತ ಸೇರ್ಸಿದ್ಯಲ್ಲ, ಅದು ತುಂಬಾ ಚೆನ್ನಾಗಿತ್ತು.”

“ನಿಜ ಅಂಕಲ್” ಎಂದು ಅಳುತ್ತಾ ಅಂದೆ. “ನನ್ನ ಮಕ್ಕಳಾಣೆಗೂ ನಿಜ.”

ಅವರು ಬೆಚ್ಚಿದರು. ಸೂಜಿ ಚುಚ್ಚಿದ ಕೈಯನ್ನೇ ಎತ್ತಿ ನನ್ನ ಬಾಯಿಗೆ ಅಡ್ಡ ಹಿಡಿದರು. ಪಕ್ಕದ ಮೆಷೀನು ಬಡಬಡ ಸದ್ದು ಮಾಡತೊಡಗಿತು.

“ಮಕ್ಕಳ ಮೇಲೆ ಆಣೆ ಇಡ್ತಾರೇನೇ, ಹುಚ್ಚಿ! ಅದೂ ಇಂಥದ್ದಕ್ಕೆ! ಬಿಡ್ತು ಅನ್ನು. ಮೊದಲು ಬಿಡ್ತು ಅನ್ನು.”

ಓಡಿಬಂದ ನರ್ಸ್ ಮೆಷೀನು ನೋಡಿ, ನನ್ನನ್ನು ನೋಡಿದಳು. ಅವರ ಉಸಿರು ಏರುತ್ತಿತ್ತು. ನನ್ನ ಮಕ್ಕಳಿಗೆ ಏನಾದರೂ ಆದೀತೆಂಬ ಭಯಕ್ಕೆ ಅವರ ಕಣ್ಣಲ್ಲಿ ನೀರು ಬಂದಿತ್ತು.

“ಬಿಡ್ತು” ಎಂದೆ.

ಅವರು ಕೈ ಇಳಿಸಿ, ದಿಂಬಿಗೆ ಒರಗಿ ಕಣ್ಣು ಮುಚ್ಚಿದರು. ಮೆಷೀನು ಮೆಲ್ಲಗೆ ಸುಮ್ಮನಾಯಿತು. ಎರಡು ದಿನದ ಮೇಲೆ ಹೋಗಿಬಿಟ್ಟರು.